ಜಗಲಿಯ ಚಾಪೆ ಯಾರಿಗೆ?



ಕೆಲವು ತೋಟಗಳ ಲೈನುಗಳಿಂದ ನಮಗೆ ಒಂದೇ ಬಗೆಯ ಸುದ್ದಿ ಬರುತ್ತಿದೆ. ಭಾನುವಾರದ ಆರಾಧನೆಗೆ ಬರುವ ಜಾರ್ಖಂಡಿನ ಕೂಲಿ ಕುಟುಂಬಗಳನ್ನು ಪ್ರಾರ್ಥನಾ ಮನೆಯ ಒಳಗೆ ಕೂರಿಸುತ್ತಿಲ್ಲ. ಜಗಲಿಯಲ್ಲಿ ಒಂದು ಚಾಪೆ ಹಾಸಿರುತ್ತದೆ, ಅದು ಅವರ ಜಾಗ. ಆರಾಧನೆ ಮುಗಿದ ಮೇಲೆ ಟೀ ಕೊಡುವಾಗ ಒಳಗಿನವರಿಗೆ ಸ್ಟೀಲು ಲೋಟ, ಜಗಲಿಯವರಿಗೆ ಕಾಗದದ ಲೋಟ. ಯಾಕೆ ಹೀಗೆ ಎಂದು ಕೇಳಿದರೆ ಉತ್ತರಗಳು ಸಿದ್ಧವಾಗಿವೆ. ಅವರಿಗೆ ಕನ್ನಡ ಬಾರದು. ಅವರ ಗಂಡಸರು ಶನಿವಾರ ರಾತ್ರಿ ಕುಡಿಯುತ್ತಾರೆ. ಜೊತೆಯಲ್ಲಿರುವವಳು ಮದುವೆಯಾದ ಹೆಂಡತಿಯೋ ಅಲ್ಲವೋ ಯಾರು ಬಲ್ಲರು? ಎಲ್ಲಕ್ಕಿಂತ ಮಿಗಿಲಾಗಿ, ಅವರು ನಿಜವಾದ ಕ್ರೈಸ್ತರೋ ಅಲ್ಲವೋ ಯಾರು ಕಂಡರು?

ಕಾಗದದ ಲೋಟಕ್ಕೆ ಮಾತ್ರ ಇನ್ನೊಂದು ಸಮಾಧಾನವಿದೆ: ರೋಗ ಹರಡಬಾರದು, ಶುಚಿಯಾಗಿರಲಿ ಎಂದು. ಒಳ್ಳೆಯದು. ಹಾಗಾದರೆ ಸಭಾಹಿರಿಯರಿಗೂ ಕಾಗದದ ಲೋಟವನ್ನೇ ಕೊಡಲಿ.

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಅವರು ನಿಜವಾದ ಕ್ರೈಸ್ತರೇ? ಇದನ್ನು ಕೇಳುವವರು ಛೋಟಾನಾಗಪುರ ಸೀಮೆಯ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬರ್ಲಿನ್ ನಗರದ ಗೋಸ್ನರ್ ಎಂಬ ಬೋಧಕರು ಕಳುಹಿಸಿದ ನಾಲ್ವರು ಮಿಷನರಿಗಳು 1845ರ ನವೆಂಬರ್ ತಿಂಗಳಲ್ಲಿ ರಾಂಚಿಯನ್ನು ಮುಟ್ಟಿದರು. ಸುಮಾರು ಐದು ವರ್ಷಗಳ ಕಾಲ ಉರಾಂವ್ ಜನರಲ್ಲಿ ಒಬ್ಬರೂ ಸಭೆಗೆ ಸೇರಲಿಲ್ಲ. 1850ರಲ್ಲಿ ಉರಾಂವ್ ಜನರಲ್ಲಿ ನಾಲ್ವರು ದೀಕ್ಷಾಸ್ನಾನ ಪಡೆದರು. ಅಲ್ಲಿಂದ ಮುಂದೆ ಉರಾಂವ್, ಮುಂಡಾ, ಖಡಿಯಾ ಜನರೊಳಗೆ ಸುವಾರ್ತೆ ಬೆಂಕಿಯಂತೆ ಹಬ್ಬಿತು. ಈಚೆ ನಮ್ಮ ನೀಲಗಿರಿಯಲ್ಲಿ ಬಾಸೆಲ್ ಮಿಷನ್ನಿನವರು ಕೇತ್ತಿಗೆ ಬಂದು ಕನ್ನಡದಲ್ಲಿ ಸುವಾರ್ತೆ ಸಾರಲು ಆರಂಭಿಸಿದ್ದು 1846ರ ಸುಮಾರಿಗೆ. ಬಡಗರಲ್ಲಿ ಮೊದಲ ದೀಕ್ಷಾಸ್ನಾನವಾದದ್ದು 1858ರಲ್ಲಿ. ಲೆಕ್ಕ ಹಾಕಿ ನೋಡಿರಿ. ಜಗಲಿಯ ಚಾಪೆಯ ಮೇಲೆ ಕೂತಿರುವ ಆ ತಾಯಿಯ ಹಿರಿಯರು, ಈ ಬೆಟ್ಟಗಳ ಕನ್ನಡ ಸಭೆಯಲ್ಲಿ ಮೊದಲ ಹೆಸರು ದಾಖಲಾಗುವುದಕ್ಕೆ ಮುಂಚೆಯೇ ಕರ್ತನ ಮೇಜಿಗೆ ಬಂದಿದ್ದವರಾಗಿರಬಹುದು.

ಇನ್ನೂ ಒಂದು ಮಾತಿದೆ. ಆ ಸಭೆ 1919ರಲ್ಲಿಯೇ ಸ್ವತಂತ್ರವಾಯಿತು. ವಿದೇಶಿ ಮಿಷನ್ನಿನ ಕೈ ಬಿಟ್ಟು ತನ್ನ ಆಡಳಿತವನ್ನು ತಾನೇ ವಹಿಸಿಕೊಂಡಿತು. ದಕ್ಷಿಣ ಇಂಡಿಯಾ ಸಭೆ ಹುಟ್ಟಿದ್ದು 1947ರಲ್ಲಿ, ಅಂದರೆ 28 ವರ್ಷಗಳ ತರುವಾಯ. ಆ ಸಭೆಯ ಹೆಸರನ್ನೂ ಗಮನಿಸಿರಿ: ಛೋಟಾನಾಗಪುರ ಮತ್ತು ಅಸ್ಸಾಮಿನ ಗೋಸ್ನರ್ ಇವ್ಯಾಂಜಲಿಕಲ್ ಲುಥೆರನ್ ಸಭೆ. ರಾಂಚಿಯ ಸಭೆಯ ಹೆಸರಿನಲ್ಲಿ ಅಸ್ಸಾಮು ಹೇಗೆ ಬಂತು? ಟೀ ತೋಟಗಳಿಂದ ಬಂತು. ಆ ಜನರನ್ನು ಕೂಲಿಗಳಾಗಿ ಹಡಗಿನಲ್ಲಿ, ರೈಲಿನಲ್ಲಿ ತುಂಬಿ ಅಸ್ಸಾಮಿನ ತೋಟಗಳಿಗೆ ಸಾಗಿಸಿದರು. ಅವರು ಹೋದಲ್ಲಿಗೆ ತಮ್ಮ ಪ್ರಾರ್ಥನೆಯನ್ನೂ ಒಯ್ದರು. ತೋಟದ ಲೈನಿನಲ್ಲಿ ಭಾನುವಾರ ಹಾಡುವುದನ್ನು ನಾವು ಅವರಿಗೆ ಕಲಿಸಬೇಕಾಗಿಲ್ಲ.

ಕನ್ನಡ ಬಾರದು ಎಂಬುದು ನಿಜ. ಗೂಡಲೂರಿನ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೂ ಕನ್ನಡ ಅಕ್ಷರ ಬಾರದು. ತಮಿಳಿನಲ್ಲಿ ಬರೆದುಕೊಂಡು ಕನ್ನಡ ಗೀತೆ ಹಾಡುತ್ತಾರೆ. ಅವರನ್ನು ಯಾರೂ ಜಗಲಿಗೆ ಕಳುಹಿಸಿಲ್ಲ. ಗಡಿಯಾಚೆ ಇದ್ದು ನಮ್ಮ ಭಾಷೆಯನ್ನು ಯಾರೂ ಕೇಳುವವರಿಲ್ಲವೆಂದು ವರ್ಷವರ್ಷವೂ ಅರ್ಜಿ ಬರೆಯುವ ಜನ ನಾವು. ಇನ್ನೊಬ್ಬರ ಭಾಷೆಯನ್ನು ಅವರನ್ನು ಹೊರಗಿಡುವ ಬೇಲಿಯನ್ನಾಗಿ ಮಾಡುವುದು ನಮಗೆ ಒಪ್ಪುವ ಕೆಲಸವಲ್ಲ.

ಅಷ್ಟಕ್ಕೂ ಈ ಬೆಟ್ಟಕ್ಕೆ ಮೊದಲು ಬಂದವರು ಯಾರು, ಆಮೇಲೆ ಬಂದವರು ಯಾರು? ಹತ್ತೊಂಬತ್ತನೆಯ ಶತಮಾನದಲ್ಲಿ ವಯನಾಡು, ಗೂಡಲೂರು ಸೀಮೆಯ ಕಾಫಿ ತೋಟಗಳಿಗೆ ಮೈಸೂರು ಸೀಮೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕೂಲಿಗಳನ್ನು ಕರೆತಂದರು. ನಮ್ಮಲ್ಲಿ ಅನೇಕರ ಮನೆತನದ ಕಥೆ ಆ ಮುಂಗಡದಿಂದಲೇ ಶುರುವಾಗುತ್ತದೆ. ಜ್ವರ ತಾಳಲಾರದೆ, ಮಳೆ ತಾಳಲಾರದೆ ಊರಿಗೆ ಓಡಿದವರಿಗೆ ಏನಾಗುತ್ತಿತ್ತು? ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಸೆರೆಮನೆಗೆ ಹಾಕಲು 1859ರಲ್ಲಿಯೇ ಒಂದು ಕಾನೂನು ಮಾಡಿದ್ದರು. ಮದರಾಸು ಆಧಿಪತ್ಯದ ತೋಟಗಳಿಗಾಗಿಯೇ 1903ರಲ್ಲಿ ಇನ್ನೊಂದು ಬಂತು. ಆ ಕಾಲದ ಕಾಗದಗಳಲ್ಲಿ ನಮ್ಮ ಮುತ್ತಜ್ಜಂದಿರು ಮೋಸಗಾರರು, ಓಡಿಹೋದ ಅಪರಾಧಿಗಳು. ದೊರೆಗಳು ಅವರ ಮೇಲೆ ತೀರ್ಪು ಬರೆದಿಟ್ಟರು. ಆ ತೀರ್ಪು ನ್ಯಾಯವೆಂದು ನಮ್ಮಲ್ಲಿ ಯಾರಾದರೂ ಒಪ್ಪುತ್ತಾರೆಯೇ?

ಆಮೇಲೆ ಸಿಲೋನಿನವರು ಬಂದರು. 1964ರ ಶಾಸ್ತ್ರಿ ಮತ್ತು ಸಿರಿಮಾವೋ ಒಪ್ಪಂದದಂತೆ ಐದೂಕಾಲು ಲಕ್ಷ ಜನರನ್ನು ಇಂಡಿಯಾ ತೆಗೆದುಕೊಳ್ಳಬೇಕೆಂದು ನಿಶ್ಚಯವಾಯಿತು; ಅವರಲ್ಲಿ ಬಹಳ ಮಂದಿ ಈ ಬೆಟ್ಟಗಳನ್ನು ಸೇರಿದರು. ಅವರ ವಿಷಯದಲ್ಲಿಯೂ ಲೈನುಗಳಲ್ಲಿ ಇದೇ ಮಾತು: ಕೂಲಿ ಕಡಮೆ ಮಾಡಲು ಬಂದವರು, ನಡತೆ ಗೊತ್ತಿಲ್ಲದವರು. ಈಗ ಅವರ ಮೊಮ್ಮಕ್ಕಳೂ ನಮ್ಮ ಮೊಮ್ಮಕ್ಕಳೂ ಸೇರಿಕೊಂಡು ಜಾರ್ಖಂಡಿನವರ ಮೇಲೆ ಅದೇ ಮಾತನ್ನು ಆಡುತ್ತಿದ್ದಾರೆ.

ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯವನ್ನು ಮನೆಯಲ್ಲಿ ತೆಗೆದು ಓದಿರಿ. ಅಲ್ಲಿಯೂ ಊಟದ ಜಗಳವೇ. ಕೆಲವರು ಎಲ್ಲವನ್ನೂ ತಿನ್ನುವವರು, ಕೆಲವರು ಸೊಪ್ಪು ಕಾಯಿ ಮಾತ್ರ ತಿನ್ನುವವರು. ಅವರು ಇವರನ್ನು ಹೀನೈಸಿದರು, ಇವರು ಅವರಿಗೆ ತೀರ್ಪು ಮಾಡಿದರು. ಪೌಲನು ಯಾರ ಊಟ ಸರಿಯೆಂದು ಪಂಚಾಯಿತಿ ಮಾಡಲು ಕೂರುವುದಿಲ್ಲ. ಮತ್ತೊಬ್ಬ ಯಜಮಾನನ ಆಳಿನ ವಿಷಯದಲ್ಲಿ ತೀರ್ಪು ಮಾಡಲು ನೀನು ಯಾರು ಎಂಬ ಅರ್ಥದಲ್ಲಿ ಕೇಳಿಬಿಡುತ್ತಾನೆ. ತೋಟದ ಜನರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಪಕ್ಕದ ತೋಟದ ಆಳಿಗೆ ಈ ತೋಟದ ಮೇಸ್ತ್ರಿ ಗೈರುಹಾಜರಿ ಹಾಕುವುದುಂಟೇ? ಹಾಕಿದರೆ ಅದು ನಡೆಯುವುದುಂಟೇ? ಆದರೂ ಭಾನುವಾರ ಬಂತೆಂದರೆ ನಮ್ಮ ಕೆಲವು ಹಿರಿಯರ ಕೈಗೆ ಪರಲೋಕದ ಚೆಕ್‌ರೋಲ್ ಬಂದುಬಿಡುತ್ತದೆ!

ಇನ್ನು ಕುಡಿತದ ಮಾತು. ಕುಡಿತವನ್ನು ನಾವು ಸಮರ್ಥಿಸುವುದಿಲ್ಲ. ಬಟವಾಡೆಯ ಸಂಜೆ ಎಷ್ಟು ಮನೆಗಳಲ್ಲಿ ಹೆಂಗಸರು ಅತ್ತಿದ್ದಾರೆ, ಎಷ್ಟು ಮಕ್ಕಳು ಹಸಿದು ಮಲಗಿದ್ದಾರೆ ಎಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದಿದೆ. ಆದರೆ ಟಾಸ್ಮಾಕ್ ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತವರೆಲ್ಲ ಹಿಂದಿ ಮಾತಾಡುವವರೇ? ನಮ್ಮವನು ಕುಡಿದರೆ ‘ಪಾಪ, ಕಷ್ಟಕ್ಕೆ ಕುಡಿದ’, ಅವನು ಕುಡಿದರೆ ‘ಆ ಜಾತಿಯೇ ಅಷ್ಟು’. ಒಂದೇ ಬಾಟಲಿಗೆ ಎರಡು ತಕ್ಕಡಿ. ವಯನಾಡಿನಲ್ಲಿ ಪಣಿಯರ ಮೇಲೆ ಈ ಎರಡನೆಯ ತಕ್ಕಡಿಯನ್ನು ಬಹುಕಾಲದಿಂದ ಉಪಯೋಗಿಸುತ್ತಾ ಬಂದಿದ್ದಾರೆ: ಕುಡುಕರು, ಸೋಮಾರಿಗಳು, ಕರೆದ ದಿನ ಕೆಲಸಕ್ಕೆ ಬಾರದವರು. ಆ ಜನರನ್ನು ಮಾನಂದವಾಡಿಯ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ಮುಂಗಡ ಕೊಟ್ಟು ಜಮೀನುದಾರರು ಆಳುಗಳಾಗಿ ಹಿಡಿದುಕೊಳ್ಳುತ್ತಿದ್ದರು, ಜೀತಪದ್ಧತಿಯನ್ನು ನಿಷೇಧಿಸುವ ಕಾನೂನು ದೇಶದಲ್ಲಿ ಬಂದದ್ದೇ 1976ರಲ್ಲಿ, ಎಂಬುದನ್ನು ಮಾತ್ರ ಹೇಳುವುದಿಲ್ಲ. ತಲೆಮಾರುಗಳ ಕಾಲ ಬೇರೆಯವನ ಹೆಸರಿನಲ್ಲಿ ದುಡಿದವನು ಒಂದು ದಿನ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿದರೆ, ಅದನ್ನು ಸೋಮಾರಿತನವೆಂದು ಕರೆಯುವ ಅಧಿಕಾರ ನಮಗೆಲ್ಲಿಂದ ಬಂತು?

ಮದುವೆಯ ವಿಷಯ ಎಲ್ಲಕ್ಕಿಂತ ಗಹನವಾದದ್ದು. ಇಲ್ಲಿ ಜಾರ್ಖಂಡಿನವರ ಮಾತು ಬಿಟ್ಟು ನಮ್ಮ ಲೈನಿನ ಹೆಣ್ಣುಮಕ್ಕಳ ಮಾತನ್ನೇ ಆಡಬೇಕು. ಗಂಡ ಬಿಟ್ಟು ತಿರುಪ್ಪೂರಿಗೆ ಹೋದ. ಹತ್ತು ವರ್ಷ ಸುದ್ದಿಯಿಲ್ಲ. ಅವಳು ಎಲೆ ಕಿತ್ತು ಮಕ್ಕಳನ್ನು ಸಾಕಿದಳು. ಕೊನೆಗೆ ಯಾರೋ ಒಬ್ಬ ಜೊತೆಯಾದ. ಕಾಗದಪತ್ರ ಮಾಡಿಸಲು ವಕೀಲರಿಗೆ ಕೊಡುವ ಹಣ ಅವಳಲ್ಲಿಲ್ಲ. ಅಂಥವಳಿಗೆ ಕರ್ತನ ಭೋಜನವಿಲ್ಲ ಎಂದು ಎಷ್ಟು ಸಭೆಗಳಲ್ಲಿ ತೀರ್ಮಾನವಾಗಿಲ್ಲ? ಆದರೆ ಅದೇ ಸಭೆಯ ಮುಂದಿನ ಬೆಂಚಿನಲ್ಲಿ ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಬಡ್ಡಿ ಹಾಕಿ ಅವಳಿಗೇ ಸಾಲ ಕೊಟ್ಟವನು ಕೂತಿರುತ್ತಾನೆ. ಅವನಿಗೆ ರೊಟ್ಟಿಯೂ ಉಂಟು, ಪಾನಪಾತ್ರೆಯೂ ಉಂಟು, ಸುಗ್ಗಿ ಹಬ್ಬದ ಹರಾಜಿನಲ್ಲಿ ಮೊದಲ ಕುಂಬಳಕಾಯಿಯೂ ಉಂಟು. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿ ನೆಲ ಎಂದು ಯಾಕೋಬನು ಗದರಿಸಿದ್ದು ಯಾವ ಸಭೆಯನ್ನೋ ಗೊತ್ತಿಲ್ಲ. ನಮ್ಮ ಪ್ರಾರ್ಥನಾ ಮನೆಗಳನ್ನು ನೋಡಿಯೇ ಬರೆದಂತಿದೆ.

ಹೀಗೆ ತಡೆಯುವವರು ಯಾವಾಗಲೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯವನ್ನು ಎತ್ತಿ ತೋರಿಸುತ್ತಾರೆ. ಅಯೋಗ್ಯವಾಗಿ ಆ ರೊಟ್ಟಿಯನ್ನು ತಿನ್ನಬಾರದೆಂದು ಅಲ್ಲಿ ಇದೆಯಲ್ಲ ಎನ್ನುತ್ತಾರೆ. ಇದೆ, ಖಂಡಿತವಾಗಿ ಇದೆ. ಆದರೆ ಆ ಮಾತಿಗೆ ಮುಂಚೆ ಏನಿದೆ ಎಂಬುದನ್ನು ಯಾಕೆ ಓದುವುದಿಲ್ಲ? ಕೊರಿಂಥದಲ್ಲಿ ಕರ್ತನ ಭೋಜನವು ಸಭೆಯವರೆಲ್ಲ ಕೂಡಿ ಉಣ್ಣುವ ಊಟವಾಗಿತ್ತು. ಅನುಕೂಲವಂತರು ಮುಂಚಿತವಾಗಿ ತಮ್ಮ ತಮ್ಮ ಊಟ ಮಾಡಿ, ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ದುಡಿದು ತಡವಾಗಿ ಬರುವ ಆಳುಮಕ್ಕಳೇ ಆ ಹಸಿದವರು ಎಂದು ಅನೇಕ ಪಂಡಿತರು ಹೇಳುತ್ತಾರೆ. ಪೌಲನಿಗೆ ಸಿಟ್ಟು ಬಂದದ್ದು ಇದಕ್ಕೆ. ಇಲ್ಲದವರನ್ನು ನಾಚಿಕೆಪಡಿಸಿದ್ದೇ ಆ ಅಯೋಗ್ಯತನ. ಒಬ್ಬ ಬಡ ಹೆಂಗಸನ್ನು ಮೇಜಿನಿಂದ ಎಬ್ಬಿಸಲು ಯಾವ ವಾಕ್ಯವನ್ನು ನಮ್ಮ ಹಿರಿಯರು ಉಪಯೋಗಿಸುತ್ತಾರೋ, ಅದೇ ವಾಕ್ಯವು ಹಾಗೆ ಎಬ್ಬಿಸುವವರ ಮೇಲೆಯೇ ಬರೆದದ್ದಾಗಿದೆ. ಅಪ್ಪಣೆಯ ಚೀಟಿಯನ್ನು ತಲೆಕೆಳಗಾಗಿ ಹಿಡಿದು ಓದಿದಂತಾಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಕೇಳದೆ ಹೋಗಲಾಗದು. ‘ಹಾಗಾದರೆ ಸಭೆಯಲ್ಲಿ ಶಿಸ್ತೇ ಬೇಡವೋ? ಯಾರು ಏನು ಮಾಡಿದರೂ ಸರಿಯೆಂದು ಸುಮ್ಮನಿರಬೇಕೋ? ತೀರ್ಪು ಮಾಡಬಾರದೆಂದರೆ ಹೆಂಡತಿಯನ್ನು ಹೊಡೆಯುವವನನ್ನೂ ಅಪ್ಪಿಕೊಳ್ಳಬೇಕೋ?’ ಇಲ್ಲ. ಈ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಕಲಸಿಬಿಟ್ಟಿದ್ದಾರೆ. ಅನ್ಯಾಯವನ್ನು ಅನ್ಯಾಯವೆಂದು ಹೇಳುವುದು ಒಂದು, ಮನುಷ್ಯನನ್ನು ಅಳೆದು ನೀನು ನಮ್ಮವನಲ್ಲ ಎಂದು ಹೊರಗಿಡುವುದು ಇನ್ನೊಂದು. ತೂಕದಲ್ಲಿ ಕಿಲೋ ಎರಡು ಕಿಲೋ ಕಡಿದುಕೊಳ್ಳುವವನನ್ನು ನಾವು ಸುಮ್ಮನೆ ಬಿಡಬೇಕೆಂದು ಈ ಪತ್ರಿಕೆ ಎಂದೂ ಹೇಳದು. ಹೆಂಡತಿಯನ್ನು ಹೊಡೆಯುವವನ ಕೈ ಹಿಡಿಯಬೇಕು, ಬೇಕಾದರೆ ಪೊಲೀಸು ಠಾಣೆಗೂ ಹೋಗಬೇಕು. ಹೊಡೆಸಿಕೊಂಡವಳನ್ನು ‘ತಾಳಿಕೋ ತಂಗಿ’ ಎಂದು ಹಿಂದಕ್ಕೆ ಕಳುಹಿಸುವುದನ್ನು ಕ್ಷಮೆಯೆಂದು ಕರೆಯಬಾರದು.

ಅಂತಿಯೋಕ್ಯದಲ್ಲಿ ನಡೆದದ್ದನ್ನು ನೆನೆಯಿರಿ. ಪೇತ್ರನು ಅನ್ಯಜನರ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದನು. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದ ಕೂಡಲೇ ಭಯದಿಂದ ಎದ್ದು ಹಿಂದಕ್ಕೆ ಸರಿದನು. ಬಾರ್ನಬನೂ ಅವನ ಹಿಂದೆ ಹೋದನು. ಆಗ ಪೌಲನು ಎಲ್ಲರ ಮುಂದೆ, ಮುಖಾಮುಖಿಯಾಗಿ, ಪೇತ್ರನನ್ನು ಖಂಡಿಸಿದನು. ಸಭೆಯ ಶಿಸ್ತು ಎಂದರೆ ಅದು! ಅಲ್ಲಿ ಶಿಸ್ತಿಗೆ ಒಳಗಾದವನು ಹೊಸದಾಗಿ ಬಂದ ಅನ್ಯನಲ್ಲ, ಪಂಕ್ತಿ ಬಿಟ್ಟು ಎದ್ದ ಅಪೊಸ್ತಲ. ನಮ್ಮಲ್ಲಿ ಯಾವ ಸಭೆಯಾದರೂ ಪಂಕ್ತಿಭೇದ ಮಾಡಿದ ಹಿರಿಯನಿಗೆ ಒಂದು ತಿಂಗಳು ಭೋಜನ ನಿಲ್ಲಿಸಿದ್ದುಂಟೇ? ನಮ್ಮ ಶಿಸ್ತಿನ ಬೆತ್ತ ಯಾವಾಗಲೂ ಕೆಳಗಡೆಗೇ ಬೀಳುತ್ತದೆ, ಮೇಲಕ್ಕೆ ಏಳುವುದೇ ಇಲ್ಲ.

ದಕ್ಷಿಣ ದೇಶದ ಸಭೆಗಳಿಗೆ ಈ ರೋಗ ಹಳೆಯದು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿಯೇ ಸಭೆಯೊಳಗಿನ ಜಾತಿಭೇದವನ್ನು ಕೂಡಲೇ, ಪೂರ್ಣವಾಗಿ ಬಿಡಬೇಕೆಂದು ಪತ್ರ ಬರೆದರು. ತಂಜಾವೂರು ಕಡೆಯಲ್ಲಿ ಎಷ್ಟೋ ಮಂದಿ ಜಾತಿಯನ್ನು ಬಿಡದೆ ಸಭೆಯನ್ನೇ ಬಿಟ್ಟರು. 1850ರಲ್ಲಿ ಮದರಾಸಿನ ಮಿಷನರಿಗಳ ಸಮ್ಮೇಳನವು ಪುನಃ ಅದೇ ಮಾತನ್ನು ಎತ್ತಿತು. ಆದರೂ 2008ರ ಮಾರ್ಚ್‌ನಲ್ಲಿ ತಮಿಳುನಾಡಿನ ಎರೈಯೂರಿನಲ್ಲಿ ಒಂದೇ ಕ್ಯಾಥೊಲಿಕ್ ಸಭೆಯ ಎರಡು ಜಾತಿಯವರ ನಡುವೆ ಹೊಡೆದಾಟವಾಗಿ, ಪೊಲೀಸರ ಗುಂಡಿಗೆ ಇಬ್ಬರು ಸತ್ತರು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆಜ್ಞೆಯಿಂದಾಗಿ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಹಕ್ಕು ಸಿಗದೆ ಹೋಯಿತು. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಕೊಟ್ಟರು, ನಮ್ಮವರಿಗೆ ಇಲ್ಲ. ಅದಕ್ಕಾಗಿ ಆ ದಿನ ಸಭೆಗಳು ಕಪ್ಪು ಬಾವುಟ ಹಿಡಿಯುತ್ತವೆ. ಹಿಡಿಯಲೇಬೇಕು, ಆ ಬೇಡಿಕೆ ನ್ಯಾಯವಾದದ್ದು. ಆದರೆ ಆಗಸ್ಟ್ 10ರಂದು ಸರಕಾರದ ಮುಂದೆ ‘ನಮ್ಮನ್ನು ಹೊರಗಿಡಬೇಡಿರಿ’ ಎಂದು ಕೂಗಿದ ಬಾಯಿ, ಮುಂದಿನ ಭಾನುವಾರ ಜಗಲಿಯತ್ತ ಕೈ ತೋರಿಸಿ ‘ಅಲ್ಲಿ ಕೂತುಕೊಳ್ಳಿ’ ಎಂದರೆ ಆ ಬಾವುಟದ ಬಣ್ಣ ಯಾರ ಮುಖಕ್ಕೆ ಹತ್ತುತ್ತದೆ?

ಲೈನಿನಲ್ಲಿ ಆಡುವ ಇನ್ನೊಂದು ಮಾತು ಹೊಟ್ಟೆಪಾಡಿಗೆ ಸೇರಿದ್ದು. ‘ಅವರು ಕಡಮೆ ಕೂಲಿಗೆ ಒಪ್ಪುತ್ತಾರೆ, ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಾರೆ.’ ಈ ಭಯ ಸುಳ್ಳಲ್ಲ, ಇದನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಕೂಲಿ ನಿಶ್ಚಯಿಸುವವನು ಜಾರ್ಖಂಡಿನ ಸೋಮ್ರಾ ಅಲ್ಲ, ಬುಧನಿಯೂ ಅಲ್ಲ. ನಮ್ಮ ಮಕ್ಕಳೇ ಲೈನು ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪೆನಿಗಳಿಗೆ, ಕೊಯಮತ್ತೂರಿಗೆ, ಬೆಂಗಳೂರಿಗೆ ಹೋದರು. ಅಲ್ಲಿ ಅವರೂ ಹೊರಗಿನವರೇ. ಖಾಲಿಯಾದ ಲೈನಿಗೆ ಗುತ್ತಿಗೆದಾರ ಇವರನ್ನು ತಂದ. ಇವರು ಜಗಲಿಯಲ್ಲಿ ಕೂತಷ್ಟೂ ಗುತ್ತಿಗೆದಾರನಿಗೆ ಲಾಭ. ಒಂದೇ ಬೆಂಚಿನಲ್ಲಿ ಕೂತರೆ ಪಗಾರದ ಚೀಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಾರಲ್ಲ! 2015ರ ಸೆಪ್ಟೆಂಬರಿನಲ್ಲಿ ಮೂನ್ನಾರಿನ ಸಾವಿರಾರು ಹೆಂಗಸರು ತಮ್ಮ ಸಂಘದ ನಾಯಕರನ್ನೂ ಬದಿಗಿಟ್ಟು ರಸ್ತೆಯಲ್ಲಿ ಕೂತು, ಶೇಕಡಾ 10ಕ್ಕೆ ಇಳಿಸಿದ್ದ ಬೋನಸ್ಸನ್ನು 20ಕ್ಕೆ ಏರಿಸಿಕೊಂಡರು. ಪಕ್ಕದಲ್ಲಿ ಕೂತವಳ ಗಂಡ ಎಲ್ಲಿದ್ದಾನೆ ಎಂದು ಮೊದಲು ವಿಚಾರಣೆ ಮಾಡಿಕೊಂಡಿದ್ದರೆ ಆ ಸಾಲು ನಿಲ್ಲುತ್ತಿತ್ತೇ?

ಕರ್ತನು ಹೇಳಿದ ದ್ರಾಕ್ಷೇತೋಟದ ಸಾಮ್ಯವು ನಮ್ಮಂಥ ತೋಟದ ಕೂಲಿಗಳಿಗೇ ಹೇಳಿದಂತಿದೆ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವನಿಗೂ ಸಾಯಂಕಾಲ ಐದು ಗಂಟೆಗೆ ಬಂದವನಿಗೂ ಒಂದೇ ದಿನಗೂಲಿ. ಮೊದಲಿನಿಂದ ದುಡಿದವನು ಗೊಣಗಿದ. ಆ ಸಾಮ್ಯದ ಮೇಲೆ ಪ್ರಸಂಗ ಕೇಳುವಾಗ ನಮ್ಮವರಿಗೆ ಯಾವಾಗಲೂ ಆ ಗೊಣಗಿದವನ ಮೇಲೆಯೇ ಕನಿಕರ. ಕಡೆಯಲ್ಲಿ ಬಂದವನು ಹಗಲೆಲ್ಲ ಎಲ್ಲಿದ್ದ? ಪೇಟೆಯಲ್ಲಿ ನಿಂತಿದ್ದ. ಯಾರೂ ತನ್ನನ್ನು ಕೂಲಿಗೆ ಕರೆಯಲಿಲ್ಲವೆಂದು ಅವನೇ ಹೇಳುತ್ತಾನೆ. ಕೆಲಸ ಸಿಗದೆ ಇಡೀ ದಿನ ನಿಂತುಕೊಳ್ಳುವುದು ಕೆಲಸ ಮಾಡುವುದಕ್ಕಿಂತ ಸುಲಭವೆಂದು ತಿಳಿದವರು ಒಂದು ದಿನ ನಿಂತು ನೋಡಲಿ. ಮನೆಯಲ್ಲಿ ಅವನ ಮಕ್ಕಳ ಹೊಟ್ಟೆಯೂ ಅಷ್ಟೇ ದೊಡ್ಡದು.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಗುಡ್ಡ ಕುಸಿದು ಬಂತು. ಪಾಡಿಗಳು, ಮನೆಗಳು, ಶಾಲೆ, ಎಲ್ಲವೂ ಹೋದವು. ಗುರುತು ಸಿಗದ ದೇಹಗಳನ್ನು, ದೇಹದ ತುಂಡುಗಳನ್ನು, ಪುತ್ತುಮಲೆಯಲ್ಲಿ ತೋಟದ ಭೂಮಿಯಲ್ಲಿ ಸಾಲಾಗಿ ಹೂಳಿದರು. ಕಲ್ಲುಗಳ ಮೇಲೆ ಹೆಸರಿಲ್ಲ, ನಂಬರು. ಒಳಗಿರುವುದು ಹಿಂದುವೋ ಮುಸಲ್ಮಾನನೋ ಕ್ರೈಸ್ತನೋ, ಊರಿನವನೋ ಹೊರಗಿನಿಂದ ದುಡಿಯಲು ಬಂದವನೋ ತಿಳಿಯದ್ದರಿಂದ ಎಲ್ಲ ಮತಗಳವರೂ ನಿಂತು ಪ್ರಾರ್ಥಿಸಿದರು. ಆ ದಿನ ಯಾವ ಹಿರಿಯನೂ ನಡತೆಯ ಪತ್ರ ಕೇಳಲಿಲ್ಲ. ಸತ್ತವರಿಗೆ ಕೊಟ್ಟ ಆ ಜಾಗವನ್ನು ಉಸಿರಾಡುವವರಿಗೆ ಕೊಡಲು ಗುಡ್ಡ ಇನ್ನೊಮ್ಮೆ ಕುಸಿಯಬೇಕೆ?

ಆದುದರಿಂದ ಪ್ರತಿ ಲೈನಿನ ಸಭಾಹಿರಿಯರನ್ನೂ ಮಹಿಳಾ ಸಂಘದವರನ್ನೂ ನಾವು ಕೆಲವು ಸಂಗತಿಗಳನ್ನು ನೇರವಾಗಿ ಕೇಳುತ್ತೇವೆ. ಜಗಲಿಯ ಚಾಪೆಯನ್ನು ಬರುವ ಭಾನುವಾರವೇ ಸುತ್ತಿ ಒಳಗಿಡಿರಿ. ಜಾಗ ಸಾಲದಿದ್ದರೆ ಹಿರಿಯರು ಮೊದಲು ಹೊರಗೆ ಕೂರಲಿ. ಸಾದ್ರಿಯಲ್ಲಿಯೋ ಹಿಂದಿಯಲ್ಲಿಯೋ ಒಂದು ಗೀತೆಯನ್ನು ಆ ಅಕ್ಕಂದಿರೇ ಹೇಳಿಕೊಡಲಿ, ನಮ್ಮ ಮಕ್ಕಳು ಹಿಂದೆಯೇ ಹಾಡಲಿ. ಮಕ್ಕಳಿಗೆ ಅದು ಒಂದು ವಾರದಲ್ಲಿ ಬರುತ್ತದೆ, ಅಪ್ಪಂದಿರಿಗೆ ಬಾರದಿದ್ದರೆ ಚಿಂತೆಯಿಲ್ಲ. ಕರ್ತನ ಭೋಜನದಿಂದ ಯಾರನ್ನಾದರೂ ತಡೆದಿದ್ದರೆ ಅವರ ಮನೆಗೆ ಹೋಗಿ ಅವರ ಮಾತನ್ನು ಕೇಳಿರಿ. ಬಡ್ಡಿ ವ್ಯಾಪಾರದವರ ಮನೆಗೂ ಅದೇ ದಿನ ಹೋಗಿರಿ. ಸಂಘದ ಚಂದಾ ಪುಸ್ತಕದಲ್ಲಿ ಗುತ್ತಿಗೆ ಕೂಲಿಗಳ ಹೆಸರನ್ನೂ ಬರೆದುಕೊಳ್ಳಿರಿ.

ಸುಗ್ಗಿ ಹಬ್ಬದ ಊಟ ಮುಗಿದ ಮೇಲೆ ಲೈನುಗಳ ಕಾರ್ಯದರ್ಶಿಗಳು ಒಂದು ಕಾರ್ಡು ಹಾಕಿ ನಮಗೆ ತಿಳಿಸಲಿ: ಪಂಕ್ತಿ ಒಂದೇ ಆಗಿತ್ತೋ, ಎರಡಿತ್ತೋ, ಲೋಟ ಯಾವುದು, ಬಡಿಸಿದವರು ಯಾರು, ಕೂತವರು ಯಾರು. ಬಂದ ಕಾರ್ಡುಗಳನ್ನು ಲೈನಿನ ಹೆಸರಿನೊಂದಿಗೆ ಈ ಪತ್ರಿಕೆಯಲ್ಲಿ ಇದ್ದದ್ದು ಇದ್ದ ಹಾಗೆ ಅಚ್ಚು ಮಾಡುತ್ತೇವೆ.